ಓಪನ್‌ಸ್ಟ್ಯಾಕ್ (ಸ್ವಂತ ಕ್ಲೌಡ್ ಕಟ್ಟುವ ತಂತ್ರಾಂಶ) ಸರ್ವರ್‌ನ ಎರಡನೆಯ ನೆಟ್‌ವರ್ಕ್ ಕಾರ್ಡಿಗೆ ಐಪಿ ವಿಳಾಸ ಕೊಡಬೇಕೇ?

ಕೊಡಬೇಡಿ. ಬೆಳಗಾವಿಯ ನಿಮ್ಮ ಕಾಲೇಜು ಪ್ರಯೋಗಾಲಯದಲ್ಲಿ ಇರುವುದು ಎರಡೇ ಯಂತ್ರಗಳಾದರೂ ಈ ನಿಯಮ ಬದಲಾಗದು.

ಮೊದಲ ಕಾರ್ಡ್ ನಿರ್ವಹಣೆಗೆ. ಎಲ್ಲವನ್ನೂ ನಿಯಂತ್ರಿಸುವ ಕಂಟ್ರೋಲರ್‌ಗೆ 10.0.0.11, ವರ್ಚುವಲ್ ಯಂತ್ರಗಳನ್ನು ಓಡಿಸುವ ಕಂಪ್ಯೂಟ್ ಯಂತ್ರಕ್ಕೆ 10.0.0.31 ಎಂಬಂತೆ ಸ್ಥಿರ ವಿಳಾಸ ಕೊಡಿ. ವಿಳಾಸವನ್ನು ತಾನಾಗಿ ಹಂಚುವ ಡಿಎಚ್‌ಸಿಪಿಗೆ ಬಿಟ್ಟರೆ, ಕರೆಂಟ್ ಹೋಗಿ ಬಂದಾಗ ವಿಳಾಸ ಬದಲಾಗಿ ಸೇವೆಗಳ ನಡುವಿನ ಸಂಪರ್ಕವೇ ಕಡಿದುಹೋಗಬಹುದು.

ಎರಡನೆಯದು ವರ್ಚುವಲ್ ಯಂತ್ರಗಳು ಹೊರಜಾಲ ತಲುಪುವ ದಾರಿ. ಓಪನ್‌ಸ್ಟ್ಯಾಕ್‌ನ ಜಾಲ ಸೇವೆಯಾದ ನ್ಯೂಟ್ರಾನ್ ಬಳಸುವ ಬ್ರಿಡ್ಜ್‌ಗೆ (ತಂತ್ರಾಂಶದಲ್ಲೇ ಇರುವ ಸ್ವಿಚ್) ಅದನ್ನು ಸೇರಿಸಲಾಗುತ್ತದೆ. ಆಮೇಲೆ ಅದು ಸ್ವಿಚ್ಚಿನ ಒಂದು ಪೋರ್ಟ್ ಇದ್ದಂತೆ. ಪ್ಯಾಕೆಟ್ ದಾಟಿಸುವುದಷ್ಟೇ ಅದರ ಕೆಲಸ. ಉಬುಂಟುವಿನಲ್ಲಿ ಜಾಲದ ಸೆಟ್ಟಿಂಗ್ ಬರೆಯುವ ನೆಟ್‌ಪ್ಲಾನ್ ಕಡತದಲ್ಲಿ ಆ ಕಾರ್ಡಿನ ಹೆಸರು ಬರೆದು, ಡಿಎಚ್‌ಸಿಪಿ ಬೇಡವೆಂದು ಸೂಚಿಸಿ, ವಿಳಾಸದ ಸಾಲನ್ನೇ ಬಿಟ್ಟುಬಿಡಿ. ಕಾರ್ಡ್ ಚಾಲೂ ಇದ್ದರೆ ಸಾಕು.

ಹೆಚ್ಚಿನವರು ಎಡವುವುದು ಯಂತ್ರಗಳ ಹೆಸರಿಗೆ ವಿಳಾಸ ಹೊಂದಿಸುವ ಹೋಸ್ಟ್ಸ್ ಕಡತದಲ್ಲಿ (/etc/hosts). ಉಬುಂಟು ಸಾಮಾನ್ಯವಾಗಿ ಯಂತ್ರದ ಹೆಸರನ್ನು 127.0.1.1ಕ್ಕೆ ಕಟ್ಟಿರುತ್ತದೆ. ಆಗ ಕಂಟ್ರೋಲರ್ ತನ್ನ ಹೆಸರನ್ನು ಕೇಳಿದರೆ ತನ್ನೊಳಗಿನ ವಿಳಾಸವನ್ನೇ ಪಡೆಯುತ್ತದೆ. ಆ ವಿಳಾಸದಲ್ಲಿ ಆಲಿಸುವ ಸೇವೆ ಪಕ್ಕದ ಯಂತ್ರಕ್ಕೆ ಸಿಗುವುದೇ ಇಲ್ಲ. ಆ ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿ, ಆದರೆ 127.0.0.1ರ ಸಾಲನ್ನು ಮುಟ್ಟಬೇಡಿ. ಎರಡೂ ಯಂತ್ರಗಳ ಹೆಸರು, ನಿರ್ವಹಣಾ ವಿಳಾಸಗಳನ್ನು ಎರಡೂ ಕಡೆ ಬರೆಯಿರಿ. ಹೆಸರು ಹಿಡಿದು ಪಿಂಗ್ ಮಾಡಿ, ಎರಡೂ ಕಡೆಯಿಂದ ಉತ್ತರ ಬಂದ ಮೇಲೆಯೇ ಓಪನ್‌ಸ್ಟ್ಯಾಕ್ ಅಳವಡಿಕೆಗೆ ಕೈಹಾಕಿ.