ದಿನಾ ಹೊಗಳ್ತಾನೆ, ಕಷ್ಟಕ್ಕೆ ಸಿಗಲ್ಲ

ಪ್ರಶ್ನೆ: ನನಗೆ 26 ವರ್ಷ. ಊರು ಮೂಡಿಗೆರೆ ಹತ್ತಿರ, ಸಣ್ಣ ಕಾಫಿ ತೋಟವಿದೆ. ಕೆಲಸ ಹಾಸನದಲ್ಲಿ. ಒಂದು ವರ್ಷದಿಂದ ಬೆಂಗಳೂರಿನ ಹುಡುಗನೊಬ್ಬನ ಜೊತೆ ಮಾತುಕತೆ. ಡಿಪಿ ಬದಲಿಸಿದರೆ ಐದು ನಿಮಿಷಕ್ಕೆ ಹೊಗಳುತ್ತಾನೆ, ರಾತ್ರಿ ಎರಡರವರೆಗೆ ಮಾತಾಡುತ್ತಾನೆ, ಆಮೇಲೆ ನಾಲ್ಕು ದಿನ ಸುದ್ದಿಯಿಲ್ಲ. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ, ಇವನ ವಿಷಯ ಹೇಳಲೇ? ಹೋದ ತಿಂಗಳು ಅಪ್ಪನಿಗೆ ಆಂಜಿಯೋಪ್ಲಾಸ್ಟಿ ಆದಾಗ 'ಟೇಕ್ ಕೇರ್' ಅಂದವನು ವಾರ ಪೂರ್ತಿ ಪತ್ತೆಯಿರಲಿಲ್ಲ.

ಉತ್ತರ: ಅಪ್ಪನ ಸಂಗತಿಯನ್ನು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಾನು ಓದುತ್ತಾ ನಿಂತದ್ದು ಅಲ್ಲೇ. ಡಿಪಿ ಹೊಗಳಲು ಬಿಡುವಿದ್ದರೆ ಸಾಕು. ಆಸ್ಪತ್ರೆಯ ವಾರದಲ್ಲಿ ಜೊತೆಗಿರಲು ಬಿಡುವು ಮಾಡಿಕೊಳ್ಳಬೇಕು.

ಹಾಗಿದ್ದೂ ಬಿಡಲಾಗುತ್ತಿಲ್ಲ ಎಂದರೆ ಅದು ದಡ್ಡತನವಲ್ಲ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದರು. ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಹಕ್ಕಿಗಳು ಕಾಳು ನಿಂತ ಮೇಲೆ ಬೇಗ ಸುಮ್ಮನಾದವು. ಯಾವಾಗ ಸಿಗುತ್ತದೋ ತಿಳಿಯದ ಹಕ್ಕಿಗಳು ಮಾತ್ರ ಬಹಳ ಹೊತ್ತು ಕುಕ್ಕುತ್ತಲೇ ಇದ್ದವು. ನಾಲ್ಕು ದಿನ ಮೌನ, ಐದನೇ ರಾತ್ರಿ ಎರಡರವರೆಗೆ ಮಾತು, ಇದೂ ಅದೇ ಲೆಕ್ಕ. ಆತ ಬೇಕಂತಲೇ ಮಾಡುತ್ತಾನೆ ಎನ್ನಲಾರೆ. ಆದರೆ ನಿಮ್ಮ ಚಡಪಡಿಕೆಯೇ ಪ್ರೀತಿ ಅಂದುಕೊಳ್ಳಬೇಡಿ.

ತೋಟದ ಮನೆಯವರಿಗೆ ಹೇಳಿಕೊಡಬೇಕಿಲ್ಲ. ಹೂಮಳೆಗೆ ರೊಬಸ್ಟಾ ಗಿಡವೆಲ್ಲ ಬೆಳ್ಳಗಾಗುತ್ತದೆ. ಎರಡು ಮೂರು ವಾರಕ್ಕೆ ಬ್ಯಾಕಿಂಗ್ ಮಳೆ, ಅಂದರೆ ಹೂವಿನ ನಂತರದ ಎರಡನೇ ಮಳೆ, ಬಾರದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಅವನ ಹೊಗಳಿಕೆ ಹೂಮಳೆ, ಕಷ್ಟಕ್ಕೆ ಜೊತೆಗಿರುವುದು ಬ್ಯಾಕಿಂಗ್ ಮಳೆ. (ಸ್ಟೇಟಸ್‌ಗೆ ಎಲ್ಲರೂ ಹಾಕುವುದು ಹೂವಿನ ಫೋಟೊವನ್ನೇ!)

'ನೀನೂ ಒಂದು ವಾರ ಮೆಸೇಜ್ ಮಾಡಬೇಡ' ಎಂದು ಗೆಳತಿಯರು ಹೇಳಿರಬಹುದು. ಬೇಡ. ಆತ ಗಾಬರಿಯಾಗಿ ಇನ್ನೊಂದು ರಾತ್ರಿ ಮಾತಾಡಿದರೆ ಮತ್ತೆ ಅದೇ ಕಾಳು. ನೇರವಾಗಿ ಕೇಳಿ: 'ಅಪ್ಪ ಆಸ್ಪತ್ರೆಯಲ್ಲಿದ್ದಾಗ ನೀನೆಲ್ಲಿದ್ದೆ?' ಇಂಥ ಹೊತ್ತಲ್ಲಿ ಏನು ಮಾತಾಡಬೇಕೋ ತೋಚದೆ ದೂರ ಉಳಿಯುವವರಿದ್ದಾರೆ, ಒಳ್ಳೆಯವರೇ. ಅಂಥವರು ತಪ್ಪಾಯಿತು ಅಂತಾರೆ, ಮುಂದಿನ ಸಲ ತಾವಾಗಿ ಫೋನ್ ಮಾಡುತ್ತಾರೆ. 'ನೀನು ತುಂಬಾ ಸೆನ್ಸಿಟಿವ್' ಎಂದು ನಿಮ್ಮ ಮೇಲೇ ತಿರುಗಿಸಿದರೆ ನಾನಾದರೆ ಮುಂದುವರಿಯುವುದಿಲ್ಲ.

ಅಪ್ಪನನ್ನು ಮತ್ತೆ ಚೆಕಪ್‌ಗೆ ಕರೆದೊಯ್ಯುವ ದಿನ ಆತನಿಗೆ ಮೊದಲೇ ಹೇಳಿ. ಬೆಂಗಳೂರಿನಿಂದ ಹಾಸನಕ್ಕೆ ಬಸ್ಸಿನಲ್ಲಿ ನಾಲ್ಕು ಗಂಟೆ ದಾರಿ. ಬರಲಾಗದಿದ್ದರೂ ಪರವಾಗಿಲ್ಲ, 'ಡಾಕ್ಟರ್ ಏನಂದ್ರು' ಅಂತ ಸಂಜೆ ತಾನಾಗಿ ಕೇಳುತ್ತಾನಾ ನೋಡಿ. ಅಲ್ಲಿಯವರೆಗೆ ಗಂಡು ನೋಡುವುದನ್ನು ಸ್ವಲ್ಪ ತಡೆಯಲು ಅಮ್ಮನ ಹತ್ತಿರ ಎರಡು ತಿಂಗಳು ಕೇಳಿಕೊಳ್ಳಿ.