ಚಂದ್ರನಿಗೆ ಎಷ್ಟು ಎಕ್ಸ್‌ಪೋಶರ್?

ಪ್ರಶ್ನೆ: ಹೋದ ಹುಣ್ಣಿಮೆ ರಾತ್ರಿ ತಾರಸಿಯಿಂದ ಚಂದ್ರನ ಫೋಟೊ ತೆಗೆದೆ. 55–250 ಎಂ.ಎಂ. ಜೂಮ್ ಲೆನ್ಸ್, ಕ್ಯಾಮೆರಾ ಆಟೋದಲ್ಲಿತ್ತು. ಬಂದದ್ದು ಬರೀ ಬಿಳಿ ಉಂಡೆ, ಒಂದು ಕಲೆಯೂ ಇಲ್ಲ. ರಾತ್ರಿ ಅಲ್ವಾ, ಟ್ರೈಪಾಡ್ ಮೇಲಿಟ್ಟು ನಾಲ್ಕೈದು ಸೆಕೆಂಡ್ ಕೊಡು ಅನ್ನುತ್ತಾರೆ ಗೆಳೆಯರು. ಎಷ್ಟು ಕೊಡಲಿ? ಬೇಲೂರಿನ ಗೋಪುರದ ಜೊತೆ ಚಂದ್ರನನ್ನು ಹಿಡಿಯುವ ಆಸೆಯೂ ಇದೆ.
– ಓದುಗರೊಬ್ಬರು, ಹಾಸನ

ಉತ್ತರ: ನಾಲ್ಕೈದು ಸೆಕೆಂಡ್ ಕೊಟ್ಟರೆ ಉಂಡೆ ಇನ್ನಷ್ಟು ದಪ್ಪ ಆಗುತ್ತದೆ, ಅಷ್ಟೇ. ರಾತ್ರಿ ಆಗಿರುವುದು ಹಾಸನದಲ್ಲಿ. ನಮಗೆ ಕಾಣುವ ಚಂದ್ರನ ಮೈ ಮೇಲೆ ಆಗ ಹೊಡೆಯುತ್ತಿರುವುದು ಸೂರ್ಯನ ಬಿಸಿಲು. ಹಾಗಾಗಿ ಹಗಲಿನ ಎಕ್ಸ್‌ಪೋಶರನ್ನೇ ಕೊಡಬೇಕು.

ಫಿಲ್ಮ್ ಕಾಲದ ನಮಗೆ ಇದು ಬಾಯಿಪಾಠ: ಬಿಸಿಲಿಗೆ ಎಫ್/16, ಹುಣ್ಣಿಮೆಗೆ ಎಫ್/11. ಎಫ್ ಅಂದರೆ ಲೆನ್ಸಿನ ಕಿಂಡಿ, ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು. ಐಎಸ್‌ಒ 100 (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) ಇದ್ದರೆ ಶಟರ್ 1/125 ಸೆಕೆಂಡ್ ಇಡಿ. ಎಫ್/8, 1/250 ಇಟ್ಟರೂ ಲೆಕ್ಕ ಒಂದೇ. ಬಿಸಿಲಿಗಿಂತ ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡರಷ್ಟು ಬೆಳಕು, ಯಾಕೆ ಅಂದರೆ, ಚಂದ್ರನ ನೆಲ ನಿಜಕ್ಕೂ ಕಪ್ಪು. ಬಿದ್ದ ಬೆಳಕಿನಲ್ಲಿ ಸುಮಾರು 12 ಪರ್ಸೆಂಟ್ ಮಾತ್ರ ವಾಪಸ್ ಕೊಡುತ್ತದೆ, ಹಳೇ ಟಾರು ರಸ್ತೆಯ ಹಾಗೆ.

ನಿಮ್ಮ ಆಟೋ ಕೆಟ್ಟಿಲ್ಲ. 250 ಎಂ.ಎಂ.ನಲ್ಲಿ ಸೆನ್ಸರ್ ಮೇಲೆ ಚಂದ್ರ ಎರಡೂಕಾಲು ಮಿಲಿಮೀಟರ್ ಅಗಲ ಬೀಳುತ್ತಾನೆ. ಮಿಕ್ಕಿದ್ದೆಲ್ಲ ಕಪ್ಪು ಆಕಾಶ. ಕ್ಯಾಮೆರಾದ ಬೆಳಕಿನ ಮೀಟರ್ ಆ ಕಪ್ಪನ್ನು ಬೂದಿ ಬಣ್ಣಕ್ಕೆ ತರಲು ಹೋಗುತ್ತದೆ, ಚಂದ್ರ ಸುಟ್ಟು ಬಿಳಿಯಾಗುತ್ತಾನೆ. ಸ್ಪಾಟ್ ಮೀಟರಿಂಗ್ ಹಾಕಿ, ಅದು ಒಂದು ಸಣ್ಣ ವೃತ್ತದ ಬೆಳಕನ್ನಷ್ಟೇ ಅಳೆಯುತ್ತದೆ ಅಂತ ಯಾರಾದರೂ ಹೇಳಬಹುದು. ಬಹಳಷ್ಟು ಕ್ಯಾಮೆರಾಗಳಲ್ಲಿ ಆ ವೃತ್ತವೇ ನಿಮ್ಮ ಚಂದ್ರನಿಗಿಂತ ದೊಡ್ಡದು! ಸುಮ್ನೆ ಮ್ಯಾನುಯಲ್‌ಗೆ ಹೋಗಿ. ಲೈವ್ ವ್ಯೂನಲ್ಲಿ ಹಿಗ್ಗಿಸಿ, ಚಂದ್ರನ ಅಂಚು ನೋಡಿ ಫೋಕಸ್ ಮಾಡಿ. ತೆಗೆದ ಮೇಲೆ ಸ್ಕ್ರೀನಿನಲ್ಲಿ ಬಿಳಿ ಭಾಗ ಮಿಣುಕುತ್ತಿದ್ದರೆ ಶಟರ್ ವೇಗ ಇನ್ನೊಂದು ಸ್ಟಾಪ್ ಏರಿಸಿ. ಚಂದ್ರ ಈಗ ತಾನೇ ಹುಟ್ಟಿ ಕೆಂಪಗಿದ್ದರೆ ಉಲ್ಟಾ, ಒಂದೆರಡು ಸ್ಟಾಪ್ ಜಾಸ್ತಿ ಬೇಕು.

ಇನ್ನು ಬೇಲೂರು. ಇದು ನನಗೂ ಇಷ್ಟದ ಜಾಗ. ರಾಜಗೋಪುರ ಇರುವುದು ಪೂರ್ವಕ್ಕೆ, ಅಂದರೆ ಅಂಗಳದಲ್ಲಿ ನಿಂತರೆ ಚಂದ್ರ ಅದರ ಹಿಂದಿನಿಂದಲೇ ಬರುತ್ತಾನೆ. ಆದರೆ ಅಷ್ಟು ಹತ್ತಿರದಿಂದ ಕಳಶ ಬಹಳ ಎತ್ತರ. ಹುಣ್ಣಿಮೆ ದಿನ ಸೂರ್ಯ ಮುಳುಗುವ ಹೊತ್ತಿಗೆ ಹುಟ್ಟುವ ಚಂದ್ರ ಅಲ್ಲಿಗೇರುವಷ್ಟರಲ್ಲಿ ಕತ್ತಲಾಗಿರುತ್ತದೆ. ಆಗ ಗೋಪುರ ಸರಿಯಾದರೆ ಚಂದ್ರ ಸುಡುತ್ತಾನೆ, ಚಂದ್ರ ಸರಿಯಾದರೆ ಗೋಪುರ ಕಾಣುವುದಿಲ್ಲ. ನಾನಾಗಿದ್ದರೆ ತ್ರಯೋದಶಿಗೆ ಹೋಗುತ್ತೇನೆ. ಚಂದ್ರೋದಯ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಎರಡು ದಿನ ಮೊದಲು ಅವನು ಸೂರ್ಯಾಸ್ತಕ್ಕೆ ಒಂದೂವರೆ ಗಂಟೆ ಮುಂಚೆಯೇ ಮೇಲೆ ಬಂದಿರುತ್ತಾನೆ. ಫೋಟೊದಲ್ಲಿ ಹೆಚ್ಚುಕಡಿಮೆ ದುಂಡಗೇ ಕಾಣುತ್ತಾನೆ. ಪಶ್ಚಿಮದ ಇಳಿಬಿಸಿಲು ಗೋಪುರದ ಒಳಮೈಗೆ ಬೀಳುವಾಗ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಎಕ್ಸ್‌ಪೋಶರ್ ಸಾಕು. 250ರಲ್ಲಿ ಕಳಶಗಳನ್ನಷ್ಟೇ ಹಿಡಿಯಿರಿ. ಗೋಪುರ ಪೂರ್ತಿ ಬರಲಿ ಅಂತ 55ಕ್ಕೆ ಇಳಿದರೆ ಚಂದ್ರ ಅರ್ಧ ಮಿಲಿಮೀಟರ್ ಚುಕ್ಕೆ ಆಗುತ್ತಾನೆ.

ತಿಂಗಳೂ ನೋಡಿಕೊಳ್ಳಿ. ಹುಣ್ಣಿಮೆ ಚಂದ್ರ ಜೂನ್‌ನಲ್ಲಿ ಆಗ್ನೇಯಕ್ಕೆ, ಡಿಸೆಂಬರ್‌ನಲ್ಲಿ ಈಶಾನ್ಯಕ್ಕೆ ಸರಿದಿರುತ್ತಾನೆ. ನೆಟ್ಟಗೆ ಪೂರ್ವಕ್ಕೆ ಬೇಕೆಂದರೆ ಮಾರ್ಚ್ ಇಲ್ಲವೇ ಸೆಪ್ಟೆಂಬರ್. ಸೆಪ್ಟೆಂಬರಿನ ಮೋಡ ನಂಬುವ ಹಾಗಿಲ್ಲ, ಹೋಳಿ ಹುಣ್ಣಿಮೆ ಹತ್ತಿರ ಹೋಗಿ. ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕಾಗುತ್ತದೆ. ಆದರೆ 1/250 ಇದ್ದರೆ ಕೈಯಲ್ಲೇ ಹಿಡಿದು ತೆಗೆಯಬಹುದು.

ಕುಳಿಗಳು ಚೆನ್ನಾಗಿ ಕಾಣಬೇಕಿದ್ದರೆ ಹುಣ್ಣಿಮೆಯನ್ನೇ ಬಿಡಿ. ಅವತ್ತು ಸೂರ್ಯ ನಮ್ಮ ಬೆನ್ನ ಹಿಂದೆ, ಚಂದ್ರನ ಮೇಲೆ ನೆರಳೇ ಇರುವುದಿಲ್ಲ. ಅಷ್ಟಮಿಯ ಅರ್ಧ ಚಂದ್ರನಲ್ಲಿ ಕುಳಿಗಳ ಅಂಚು ಎದ್ದು ಕಾಣುತ್ತದೆ. ಅರ್ಧ ಚಂದ್ರನ ಬೆಳಕು ಹುಣ್ಣಿಮೆಯ ಅರ್ಧ ಅಲ್ಲ, ಸುಮಾರು ಹತ್ತನೇ ಒಂದು ಪಾಲು. ಅದು ಬರುವುದು ಅರ್ಧ ಮೈಯಿಂದ ಮಾತ್ರ, ಹಾಗಾಗಿ ಎರಡು ಸ್ಟಾಪ್ ಜಾಸ್ತಿ ಸಾಕು. ಅವತ್ತು ಅದೇ 1/125ಕ್ಕೆ ಎಫ್/5.6 ಇಡಿ.