ಓದುಗರ ಪ್ರಶ್ನೆ: ಅಕ್ವೇರಿಯಂ ಸಂಪಿಗೆ ಎಂಥ ಪಂಪು ಬೇಕು?

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿ ನಮ್ಮದೊಂದು ಸಣ್ಣ ಖಾನಾವಳಿಯಿದೆ. ಅಲ್ಲಿ ಆರಡಿ ಉದ್ದ, ಎರಡಡಿ ಅಗಲ, ಎರಡೂವರೆ ಅಡಿ ಎತ್ತರದ ಉಪ್ಪುನೀರಿನ ಅಕ್ವೇರಿಯಂ ಇಟ್ಟು, ಕೆಳಗಿನ ಕಪಾಟಿನಲ್ಲಿ ಸಂಪ್ (ಅಕ್ವೇರಿಯಂನ ನೀರು ಪೈಪಿನಲ್ಲಿ ಇಳಿದು, ಪಂಪಿನಿಂದ ಮತ್ತೆ ಮೇಲೇರುವ ಎರಡನೆಯ ತೊಟ್ಟಿ) ಮಾಡಿಸಿದ್ದೇನೆ. ಹಾರ್ಡ್‌ವೇರ್ ಅಂಗಡಿಯಲ್ಲಿ ‘ಸಂಪಿನ ಸಬ್‌ಮರ್ಸಿಬಲ್’ ಎಂದು ಕೇಳಿ ತಂದ ಅರ್ಧ ಎಚ್‌ಪಿ ಪಂಪು ಐದೇ ತಿಂಗಳಲ್ಲಿ ಕೆಟ್ಟಿತು; ಕೊನೆಕೊನೆಗೆ ನೀರಿಗೆ ಕೈಯಿಟ್ಟರೆ ಜುಮ್ಮೆನ್ನುತ್ತಿತ್ತು. ಈಗಿರುವ ಅಕ್ವೇರಿಯಂ ಪಂಪಿನ ಡಬ್ಬದ ಮೇಲೆ ಗಂಟೆಗೆ 4000 ಲೀಟರ್, ಗರಿಷ್ಠ ಎತ್ತರ 2 ಮೀಟರ್ ಎಂದಿದೆ. ಆದರೆ ಮೇಲೆ ಬರುವ ನೀರು 20 ಲೀಟರಿನ ಬಕೆಟ್ ತುಂಬಲು 48 ಸೆಕೆಂಡ್ ತೆಗೆದುಕೊಳ್ಳುತ್ತದೆ. ನಂಬಿಕಸ್ಥ ಪಂಪನ್ನು ಆರಿಸುವುದು ಹೇಗೆ?

ಉತ್ತರ: ನೀರು ಜುಮ್ಮೆಂದದ್ದನ್ನು ಲಘುವಾಗಿ ಪರಿಗಣಿಸಬೇಡಿ. ಹೊಸ ಪಂಪು ತರುವ ಮೊದಲು ಅರ್ಥಿಂಗ್ ಪರೀಕ್ಷೆ ಮಾಡಿಸಿ, ಆ ಪ್ಲಗ್ ಪಾಯಿಂಟಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು) ಹಾಕಿಸಿ. ಅಲ್ಲಿಯವರೆಗೆ, ಪ್ಲಗ್ ಕಳಚದೆ ತೊಟ್ಟಿಗೆ ಯಾರೂ ಕೈಹಾಕಕೂಡದು.

ನಿಮ್ಮ ಮೊದಲ ಪಂಪಿನ ವಿಷಯದಲ್ಲಿ ಎಡವಟ್ಟಾದದ್ದು ಮಾತಿನಲ್ಲಿ. ನಮ್ಮ ಕಡೆ ಸಂಪ್ ಎಂದರೆ ಅಂಗಳದ ನೀರಿನ ತೊಟ್ಟಿ, ಸಬ್‌ಮರ್ಸಿಬಲ್ ಎಂದರೆ ಬಾವಿಗೆ ಇಳಿಬಿಡುವ ಪಂಪು. ಅಂಗಡಿಯವರು ಕೇಳಿದ್ದನ್ನೇ ಕೊಟ್ಟಿದ್ದಾರೆ. ಆ ಪಂಪು ಸಿಹಿನೀರನ್ನು ಸ್ವಲ್ಪ ಹೊತ್ತು ಮೇಲಕ್ಕೆತ್ತಿ ವಿಶ್ರಾಂತಿ ಪಡೆಯುವಂಥದ್ದೇ ಹೊರತು ಹಗಲಿರುಳು ಉಪ್ಪುನೀರಿನಲ್ಲಿ ತಿರುಗುವಂಥದ್ದಲ್ಲ. ಅದರ ಶಾಫ್ಟ್ ಮೋಟಾರಿನೊಳಗೆ ಹೋಗುವಲ್ಲಿ ಸೀಲ್ ಇರುತ್ತದೆ. ಸೀಲ್ ಸವೆದರೆ ಉಪ್ಪುನೀರು ಒಳನುಗ್ಗುತ್ತದೆ. ಅದರಲ್ಲಿ ಹಿತ್ತಾಳೆಯ ಭಾಗಗಳಿದ್ದರೆ ತಾಮ್ರ ನೀರಿಗಿಳಿಯುತ್ತದೆ, ಮೀನು ತಡೆದುಕೊಂಡರೂ ಸಿಗಡಿ, ಹವಳಗಳು ಅದನ್ನು ತಡೆಯಲಾರವು. ನಿಮಗೆ ಬೇಕಾದದ್ದು ಮ್ಯಾಗ್ನೆಟಿಕ್ ಡ್ರೈವ್ ಪಂಪು. ಅದರಲ್ಲಿ ಸುರುಳಿಯನ್ನು ಎಪಾಕ್ಸಿಯಲ್ಲಿ ಪೂರ್ತಿ ಮುಚ್ಚಿ, ಅಯಸ್ಕಾಂತದ ರೋಟರನ್ನು ಸೆರಾಮಿಕ್ ಶಾಫ್ಟಿನ ಮೇಲೆ ಹೊರಗೆ ತಿರುಗಿಸುವುದರಿಂದ ಸವೆಯಲು ಸೀಲ್ ಎಂಬುದೇ ಇಲ್ಲ. ಡಬ್ಬದ ಮೇಲೆ ಉಪ್ಪುನೀರಿಗೆ ಸೂಕ್ತವೆಂದು ಸ್ಪಷ್ಟವಾಗಿ ಬರೆದಿರಬೇಕು.

ಎರಡನೆಯ ಪಂಪು ಕೆಟ್ಟಿಲ್ಲ. 48 ಸೆಕೆಂಡಿಗೆ 20 ಲೀಟರ್ ಎಂದರೆ ಗಂಟೆಗೆ 1500 ಲೀಟರ್ ಆಯಿತು, ಅದು ಅಷ್ಟನ್ನೇ ಕೊಡಬಲ್ಲದು. ಡಬ್ಬದ ಮೇಲಿನ 4000 ಎಂಬ ಅಂಕಿ ನೀರನ್ನು ಒಂದಿಷ್ಟೂ ಮೇಲೇರಿಸದಿದ್ದಾಗ ಬರುವ ಪ್ರಮಾಣ. 2 ಮೀಟರ್ ಎಂಬುದು ಹರಿವು ನಿಂತೇಹೋಗುವ ಎತ್ತರ. ಇವೆರಡರ ನಡುವೆ ಎಷ್ಟು ಎತ್ತರಕ್ಕೆ ಎಷ್ಟು ನೀರು ಎಂದು ತೋರಿಸುವ ರೇಖಾಚಿತ್ರವನ್ನು ಒಳ್ಳೆಯ ತಯಾರಕರು ಪಂಪಿನ ಜೊತೆಗೇ ಕೊಡುತ್ತಾರೆ. ಅದಿಲ್ಲದ ಪಂಪನ್ನು ನಾನಾದರೆ ಕೊಳ್ಳುವುದಿಲ್ಲ. ಸಂಪಿನ ನೀರಿನ ಮಟ್ಟದಿಂದ ತೊಟ್ಟಿಯ ಮೇಲಂಚಿನವರೆಗೆ ಅಳೆಯಿರಿ. ಕಪಾಟಿನ ಮೇಲಿನ ತೊಟ್ಟಿಯಾದ್ದರಿಂದ ಸುಮಾರು 1.3 ಮೀಟರ್ ಬಂದೀತು; ಎಲ್ಬೋ, ವಾಲ್ವುಗಳ ತಡೆಯನ್ನೂ ಸೇರಿಸಿ 1.8 ಮೀಟರ್ ಎಂದು ಹಿಡಿಯೋಣ. ತೊಟ್ಟಿಯಲ್ಲಿ 800 ಲೀಟರ್ ನೀರಿದ್ದು, ಗಂಟೆಗೆ ಅದರ ಐದು ಪಟ್ಟು ಹರಿಯಬೇಕೆಂದರೆ, ಆ ಎತ್ತರದಲ್ಲಿ 4000 ಲೀಟರ್ ಸಿಗಬೇಕು. ಪಂಪಿನ ಬಾಯಿಗಿಂತ ಕಿರಿದಾದ ಪೈಪನ್ನು ಎಲ್ಲಿಯೂ ಬಳಸಬೇಡಿ. ಇಳಿಯುವ ಪೈಪು ಒಂದೇ ಇಂಚಿನದಾಗಿದ್ದರೆ ಅದನ್ನು ಒಂದೂವರೆ ಇಂಚಿಗೆ ಬದಲಿಸದೆ ಹರಿವು ಹೆಚ್ಚಿಸಬೇಡಿ. ಏರಿದಷ್ಟು ನೀರು ಇಳಿಯದಿದ್ದರೆ ನೆಲದ ಮೇಲೆ ಹರಿಯುತ್ತದೆ.

ಬೇಕಾದದ್ದಕ್ಕಿಂತ ದೊಡ್ಡ ಪಂಪು ತರುವ ಆಸೆಯೂ ಬೇಡ. ನೀರಿನೊಳಗಿನ ಪಂಪು ಉಣ್ಣುವ ವಿದ್ಯುತ್ತೆಲ್ಲ ಹೆಚ್ಚುಕಡಿಮೆ ಶಾಖವಾಗಿ ನೀರಿಗೇ ಸೇರುತ್ತದೆ. 100 ವಾಟಿನ ಪಂಪು ದಿನಕ್ಕೆ 2.4 ಯೂನಿಟ್ ಸುಟ್ಟರೆ, ಹೊರಗೆ ಹೋಗಲು ದಾರಿಯಿಲ್ಲದಿದ್ದಲ್ಲಿ ಅಷ್ಟು ಶಾಖ 1000 ಲೀಟರ್ ನೀರನ್ನು ಎರಡು ಡಿಗ್ರಿ ಬಿಸಿ ಮಾಡಬಲ್ಲದು. ಕಾರವಾರದ ಏಪ್ರಿಲ್ ಸೆಕೆಯಲ್ಲಿ ಇದು ಸಣ್ಣ ಮಾತಲ್ಲ. ಡಿಸಿ ಪಂಪುಗಳು ಕಡಿಮೆ ವಿದ್ಯುತ್ ಉಣ್ಣುತ್ತವೆ, ನಿಜ. ಆದರೆ ಅವುಗಳ ವೇಗ ನಿಯಂತ್ರಿಸುವ ಕಂಟ್ರೋಲರನ್ನು ಸಂಪಿರುವ ಕಪಾಟಿನಲ್ಲೇ ಇಟ್ಟರೆ ಉಪ್ಪಿನ ಗಾಳಿಗೆ ಬೇಗ ಹಾಳಾಗುತ್ತದೆ. ಅದನ್ನು ಕಪಾಟಿನ ಹೊರಗೆ, ಗೋಡೆಯ ಮೇಲೆ ಎತ್ತರದಲ್ಲಿ ಹೊಂದಿಸಿ.

ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದಾಗ ಏನಾಗುತ್ತದೆಂಬುದನ್ನೂ ಲೆಕ್ಕ ಹಾಕಬೇಕು. ಪಂಪು ನಿಂತೊಡನೆ ಮೇಲಿನ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಇಳಿಯುತ್ತದೆ. ನಿಮ್ಮ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ನೀರೆಂದರೆ ಸುಮಾರು 11 ಲೀಟರ್. ಪೈಪಿನ ಬಾಯಿ ಐದು ಸೆಂಟಿಮೀಟರ್ ಮುಳುಗಿದ್ದರೆ 55 ಲೀಟರ್ ಸಂಪಿಗೆ ಬಂದು ಬೀಳುತ್ತದೆ. ಅಷ್ಟು ಜಾಗ ಸಂಪಿನಲ್ಲಿ ಸದಾ ಖಾಲಿಯಿರಲಿ, ನೀರಿನ ಮಟ್ಟಕ್ಕೆ ತುಸುವೇ ಕೆಳಗೆ ಪೈಪಿಗೊಂದು ಸಣ್ಣ ತೂತಿರಲಿ; ನೀರು ಅಲ್ಲಿಗಿಳಿದೊಡನೆ ತೂತಿನಿಂದ ಗಾಳಿ ನುಗ್ಗಿ ಹಿಂದಿಳಿಯುವುದು ನಿಲ್ಲುತ್ತದೆ. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವನ್ನು ನಂಬಿ ಕೂರಬೇಡಿ. ಸುಣ್ಣ ಕಟ್ಟಿದರೆ ಅದು ಪೂರ್ತಿ ಮುಚ್ಚುವುದಿಲ್ಲ.

ಬ್ರ್ಯಾಂಡಿನ ಹೆಸರಿಗಿಂತ, ಪಂಪಿನ ಇಂಪೆಲ್ಲರ್ (ತಿರುಗುತ್ತ ನೀರನ್ನು ತಳ್ಳುವ ಚಕ್ರ) ಮತ್ತು ಶಾಫ್ಟ್ ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿ, ಸಿಕ್ಕರೆ ಅಂದೇ ಒಂದು ಜೊತೆ ಕೊಂಡಿಡಿ. ಮೂರು ತಿಂಗಳಿಗೊಮ್ಮೆ ಪಂಪು ಬಿಚ್ಚಿ, ಸಮಪಾಲು ನೀರು ಬೆರೆಸಿದ ವಿನೆಗರಿನಲ್ಲಿ ನೆನೆಸಿ ತೊಳೆಯಿರಿ. ಸಮುದ್ರದಿಂದ ನೀರು ತರುವುದಾದರೆ ಒಂದು ರಾತ್ರಿ ಇಟ್ಟು, ಮರಳು ತಂಗಿದ ಮೇಲೆ ಸೋಸಿ ಹಾಕಿ. ಇಂಪೆಲ್ಲರನ್ನು ತಿನ್ನುವುದು ಆ ನುಣ್ಣನೆಯ ಮರಳೇ. ಸಂಪಿನ ನೀರು ಆವಿಯಾಗಿ ಪಂಪಿನ ಬಾಯಿ ಬರಿದಾಗದಂತೆ ದಿನವೂ ನೋಡಿಕೊಳ್ಳಬೇಕು. ನೀರಿಲ್ಲದೆ ತಿರುಗಿದರೆ ಸೆರಾಮಿಕ್ ಶಾಫ್ಟ್ ಸೀಳುತ್ತದೆ.

ಕೊನೆಗೆ, ನಿಮ್ಮ ಈಗಿನ ಪಂಪು ಉಪ್ಪುನೀರಿಗೆ ಸೂಕ್ತವಾದುದೇ ಆಗಿದ್ದರೆ ಅದನ್ನು ತೆಗೆಯಬೇಡಿ. ಗಂಟೆಗೆ 5000 ಲೀಟರ್, ಗರಿಷ್ಠ ಎತ್ತರ 3.5 ಮೀಟರಿನ ಸುಮಾರಿನ ಇನ್ನೊಂದನ್ನು ಜೊತೆಗಿಟ್ಟರೆ, ಅದು 1.8 ಮೀಟರಿನಲ್ಲಿ 2500 ಲೀಟರಿನಷ್ಟು ಕೊಟ್ಟು ಒಟ್ಟು 4000 ಆಗುತ್ತದೆ. ಒಂದು ಕೆಟ್ಟ ದಿನ ಇನ್ನೊಂದು ಮೀನುಗಳನ್ನು ಕಾಯುತ್ತದೆ. ಆದರೆ ಎರಡಕ್ಕೂ ಬೇರೆಬೇರೆ ಪೈಪು ಎಳೆಸಿ. ಒಂದೇ ಪೈಪಿಗೆ ಕೂಡಿಸಿದರೆ ಬಲವಾದ ಪಂಪು ದುರ್ಬಲವಾದದ್ದರ ನೀರನ್ನು ಹಿಂದಕ್ಕೆ ತಳ್ಳುತ್ತದೆ.